ಕೈ ಎತ್ತಿದ ಕೊಟ್ರಪ್ಪ

ಬ್ಯಾಡಗಿಯ ಮೆಣಸಿನಕಾಯಿ ಪೇಟೆಗೆ ಹೋಗಿ ಬರೀ ಕೊಟ್ರಪ್ಪ ಎಲ್ಲಿ ಎಂದು ಕೇಳಿದರೆ ಸಂಜೆತನಕ ಅಲೆಯುತ್ತೀರಿ. ಹಮಾಲರಲ್ಲಿ ಮೂವರು ಕೊಟ್ರಪ್ಪಂದಿರಿದ್ದಾರೆ, ದಲಾಲರಲ್ಲಿ ಇಬ್ಬರು, ಗೇಟಿನ ಬಳಿ ಚಹಾ ಮಾರುವವನೂ ಕೊಟ್ರಪ್ಪನೇ. ಕೈ ಎತ್ತಿದ ಕೊಟ್ರಪ್ಪ ಎನ್ನಬೇಕು. ಆಗ ಘಾಟಿಗೆ ಸೀನುತ್ತ ನಿಂತವನು ಕೂಡ ಮೂಗಿನ ಮೇಲಿನ ಟವೆಲ್ಲು ಸರಿಸಿ, "ಅಲ್ಲೇನ್ರಿ, ಮೂರನೇ ಸಾಲಿನ್ಯಾಗ, ಕಾಟಾದ ಹತ್ರ ನಿಂತಾನ ನೋಡ್ರಿ, ದೇವರಂಥ ಮನಷ್ಯಾ" ಎಂದು ತೋರಿಸುತ್ತಾನೆ.

ಒಂದು ದಲಾಲಿ ಅಂಗಡಿಯಲ್ಲಿ ಅವನು ಕಾಟಾದ ಮೇಲೆ ಚೀಲಗಳ ತೂಕ ಮಾಡುತ್ತಾನೆ. ತೂಗುವ ಮೊದಲು ಚೀಲದ ಬಾಯಿ ಬಿಚ್ಚಿ, ಬಲಗೈಯನ್ನು ತೋಳಿನತನಕ ಒಳಗಿಳಿಸಿ, ತಳದ ಕಾಯಿಯನ್ನು ಹಿಚುಕಿ ನೋಡುತ್ತಾನೆ. ತೂಕ ಬರಲೆಂದು ನೀರು ಚಿಮುಕಿಸಿದ ಕಾಯಿ ಆ ಕೈಗೆ ತಕ್ಷಣ ಗೊತ್ತಾಗುತ್ತದೆ. "ಇದು ಇನ್ನ ಒಣಗಬೇಕು ಯಜಮಾನ್ರ" ಎಂದರೆ ಮುಗಿಯಿತು, ಬೇರೆಯವರ ಜೊತೆ ಮೈಮೇಲೆ ಬಂದು ಜಗಳಾಡುವ ರೈತರು ಅವನೆದುರು ತಲೆ ತಗ್ಗಿಸಿ ಚೀಲ ಎತ್ತಿಕೊಂಡು ಹೋಗುತ್ತಾರೆ. ಟೀವಿಯಲ್ಲಿ ಇಡೀ ದೇಶದ ಮುಂದೆ ಖರೇ ಹೇಳಿದ ಕೈಯಲ್ಲವೇ ಅದು! ಅದರ ಜೊತೆ ಯಾರು ವಾದ ಮಾಡಿಯಾರು?

ಆ ಕೈಯ ಬಗ್ಗೆ ಯಾರಾದರೂ ಹೊಗಳಿದಾಗಲೆಲ್ಲ ಕೊಟ್ರಪ್ಪ ಅದನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಾನೆ. ಜನ ಅದನ್ನು ನಾಚಿಕೆ ಎನ್ನುತ್ತಾರೆ. ಹೌದು, ನಾಚಿಕೆಯೇ. ಆದರೆ ಜನ ತಿಳಿದುಕೊಂಡ ನಾಚಿಕೆ ಅಲ್ಲ.

ಕೊಟ್ರಪ್ಪನ ಊರು ಐರಣಿ. ಅಲ್ಲಿ ತುಂಗಭದ್ರೆಯ ದಂಡೆಯ ಮರಳಿನ ಮೇಲೆ ಗೂಡುಸಾಬ ಮಾಸ್ತರು ಹುಡುಗರಿಗೆ ಕಬಡ್ಡಿ ಕಲಿಸುತ್ತಿದ್ದರು. ಸಾಲಿಯಲ್ಲಿ ಅವರು ಗಣಿತದ ಮಾಸ್ತರು. ಆದರೆ ಗಣಿತ ಕಲಿಸಿದ್ದು ಯಾರಿಗೂ ನೆನಪಿಲ್ಲ, ಪಾಪ, ಬಹುಶಃ ಅವರಿಗೂ ಇಲ್ಲ. ಅವರ ಅಂಕಣದಲ್ಲಿ ಅಂಪೈರ್ ಎಂಬವನೇ ಇರಲಿಲ್ಲ. ಎದುರಾಳಿಯ ರೈಡರ್ ಮುಟ್ಟಿ ಹೋದರೆ ಮುಟ್ಟಿಸಿಕೊಂಡವನು ತಾನೇ ಕೈ ಎತ್ತಿ ಹೊರಗೆ ನಡೆಯಬೇಕು. ಬೆರಳ ತುದಿ ತಾಗಿದರೂ ಅಷ್ಟೇ, ಅಂಗಿಯ ಅಂಚು ತಾಗಿದರೂ ಅಷ್ಟೇ. ಎತ್ತದೆ ನಿಂತವನಿಗೆ ಬಡಿಗೆಯ ಏಟಿಲ್ಲ, ಬೈಗುಳವಿಲ್ಲ. ಮಾಸ್ತರು ಅವನ ಹತ್ತಿರ ಬಂದು, "ಅವಂಗ ಗೊತ್ತಾಗಲಿಕ್ಕಿಲ್ಲ, ನನಗೂ ಕಾಣಲಿಕ್ಕಿಲ್ಲ. ನಿನ್ನ ಚರ್ಮಕ್ಕ ಗೊತ್ತಾಗಿಲ್ಲೇನು?" ಎಂದು ಮೆತ್ತಗೆ ಕೇಳುತ್ತಿದ್ದರು. ಅದಕ್ಕಿಂತ ಏಟೇ ವಾಸಿ ಅನ್ನಿಸುತ್ತಿತ್ತು.

ಆ ಮರಳಿನಲ್ಲಿ ಎದ್ದು ಬಂದ ಇಬ್ಬರು ಕ್ಯಾಚರುಗಳೆಂದರೆ ಕೊಟ್ರಪ್ಪ ಮತ್ತು ವಿಜಯಮಹಾಂತೇಶ. ಅಷ್ಟುದ್ದದ ಹೆಸರು ಕರೆಯುವ ಪುರುಸೊತ್ತು ಯಾರಿಗಿದೆ? ಎಲ್ಲರ ಬಾಯಲ್ಲೂ ಅವನು ಮಾಂತೇಶ. ಕೊಟ್ರಪ್ಪ ಎಡ ಮೂಲೆ, ಮಾಂತೇಶ ಬಲ ಮೂಲೆ. ಬಂದ ರೈಡರನ ಹಿಮ್ಮಡಿಯನ್ನು ಒಬ್ಬ ಹಿಡಿದರೆ ಇನ್ನೊಬ್ಬ ಸೊಂಟಕ್ಕೆ ಬೀಳುತ್ತಿದ್ದ. ರಾಣೇಬೆನ್ನೂರು, ಹಾವೇರಿ, ದಾವಣಗೆರೆ ಎಂದು ಎಲ್ಲ ಕಡೆ ಆಡಿ ಗೆದ್ದು, ಒಂಬತ್ತು ವರ್ಷದ ಹಿಂದೆ ಇಬ್ಬರೂ ಒಟ್ಟಿಗೇ ಟೀವಿಯಲ್ಲಿ ಬರುವ ದೊಡ್ಡ ಲೀಗಿನ ಒಂದು ತಂಡಕ್ಕೆ ಆಯ್ಕೆಯಾದರು. ಐರಣಿಗೆ ಐರಣಿಯೇ ಕುಣಿಯಿತು.

ಕೊಟ್ರಪ್ಪನ ಲೀಗಿನ ಬಾಳು ಎಷ್ಟು ಎಂದರೆ ನಾಲ್ಕು ಪಂದ್ಯ, ಐವತ್ತೆರಡು ನಿಮಿಷ. ಅಷ್ಟೇ. ಮೊದಲ ಮೂರು ಪಂದ್ಯ ಅವನಿಗೆ ಇಂದಿಗೂ ಸಿಹಿಯಾಗಿ ನೆನಪಿವೆ. ಕಾಲಿಗೆ ಬೂಟು ಹಾಕಿಕೊಂಡು ಮೆತ್ತನೆಯ ಹಾಸಿನ ಮೇಲೆ ನಿಂತಾಗ ಬೆರಳುಗಳು ಮರಳು ಹುಡುಕಿ ಒದ್ದಾಡುತ್ತಿದ್ದವು. ದಿನಾ ಬೆಳಿಗ್ಗೆ ಆರು ತತ್ತಿ ತಿನ್ನಿಸುತ್ತಿದ್ದರು. ಲಿಂಗ ಕಟ್ಟಿದ ಕೊಟ್ರಪ್ಪ ಅವನ್ನು ಮಾಂತೇಶನ ತಟ್ಟೆಗೆ ಸಾಗಿಸಿ ಬಾಳೆಹಣ್ಣು ತಿನ್ನುತ್ತಿದ್ದ. ಮಾಂತೇಶನೂ ಲಿಂಗ ಕಟ್ಟಿದವನೇ, ಆದರೆ ಅವನು ಹನ್ನೆರಡನ್ನೂ ಮುಗಿಸುತ್ತಿದ್ದ. "ಮೂಲಿಯೊಳಗ ನಿಂತಾವಂಗ ಮಡಿ ಎಲ್ಲಿಂದ ಬಂತಲೇ?" ಎಂದು ನಗುತ್ತಿದ್ದ.

ನಾಲ್ಕನೆಯ ಪಂದ್ಯ ಉತ್ತರದ ಕಡೆಯ ಒಂದು ಒಳಾಂಗಣದಲ್ಲಿ ನಡೆಯಿತು. ಎದುರಾಳಿ ತಂಡದಲ್ಲಿ ಒಬ್ಬ ರೈಡರ್ ಇದ್ದ. ಆರೂವರೆ ಅಡಿ ಆಳು, ತೊಡೆ ಎಂದರೆ ಬೇವಿನ ಬೊಡ್ಡೆ. ಪಂದ್ಯದ ಮೊದಲರ್ಧದಲ್ಲಿ ಕೊಟ್ರಪ್ಪ ಅವನ ಹಿಮ್ಮಡಿಗೆ ಬಿದ್ದಾಗ ಅವನು ಕಾಲು ಜಾಡಿಸಿದ. ಕೊಟ್ರಪ್ಪನ ಕೆಳಗಿನ ಎರಡು ಹಲ್ಲು ಅಲ್ಲಾಡಿದವು, ಬಾಯಿ ತುಂಬ ರಕ್ತ. ಹತ್ತಿ ತುರುಕಿ ಮತ್ತೆ ಮೂಲೆಗೆ ಕಳಿಸಿದರು. ಅಲ್ಲಿಂದ ಮುಂದೆ ಅವನ ನಾಲಿಗೆ ಆ ಹಲ್ಲುಗಳನ್ನು ಮುಟ್ಟಿ ಮುಟ್ಟಿ ನೋಡುತ್ತಿತ್ತು, ಕಣ್ಣು ಆ ಕಾಲನ್ನೇ ನೋಡುತ್ತಿತ್ತು. ಹತ್ತು ವರ್ಷದಲ್ಲಿ ಮೊದಲ ಸಲ ಅವನಿಗೆ ಅಂಕಣದ ಒಳಗೆ ಅಂಜಿಕೆ ಹುಟ್ಟಿತು.

ಪಂದ್ಯ ಮುಗಿಯಲು ಎರಡು ನಿಮಿಷವಿದ್ದಾಗ ತಂಡ ಎರಡು ಪಾಯಿಂಟು ಮುಂದಿತ್ತು. ಆದರೆ ಉಳಿದವರೆಲ್ಲ ಔಟಾಗಿ ಅಂಕಣದಲ್ಲಿದ್ದವರು ಐರಣಿಯ ಇಬ್ಬರೇ. ಆ ರೈಡರ್ ಬಂದ. ಸೀದಾ ಎಡ ಮೂಲೆಗೇ ಬಂದ. ಬೆನ್ನು ತಿರುಗಿಸಿದಂತೆ ಮಾಡಿ ಹಿಂಗಾಲು ಬೀಸಿದ. ಕೊಟ್ರಪ್ಪ ಕಣ್ಣು ಮುಚ್ಚಿದ. ಕ್ಯಾಚರ್ ಆದವನು ಎಂದಾದರೂ ಕಣ್ಣು ಮುಚ್ಚುತ್ತಾನೆಯೇ? ಮುಚ್ಚಿದ. ಹೊಟ್ಟೆಗೆ ಗಾಳಿ ತಾಗಿತು, ಕಾಲು ತಾಗಲಿಲ್ಲ. ಕಣ್ಣು ಬಿಟ್ಟಾಗ ಅಂಗಿಗೂ ಆ ಬೂಟಿಗೂ ನಡುವೆ ಒಂದು ಗೇಣು ಅಂತರವಿತ್ತು. ರೈಡರ್ ಬರಿಗೈಯಲ್ಲಿ ನಡುಗೆರೆ ದಾಟಿ ಹೋಗಿ, ಸಿಟ್ಟಿನಿಂದ ತೊಡೆಗೆ ಹೊಡೆದುಕೊಂಡು, ಇನ್ನೊಂದು ಸಲ ನಿನ್ನ ಹತ್ತಿರವೇ ಬರುತ್ತೇನೆ ಎಂಬಂತೆ ಕೊಟ್ರಪ್ಪನ ಕಡೆ ಬೆರಳು ತೋರಿಸಿದ.

ಆಗ ಕೊಟ್ರಪ್ಪನ ಕೈ ಮೇಲೆ ಹೋಯಿತು. ಮಾಸ್ತರು ಕಲಿಸಿದ ಹಾಗೆಯೇ, ಮೊಣಕೈ ಮಡಚದೆ, ನೆಟ್ಟಗೆ.

ಅಂಪೈರ್ ಬೆರಗಾಗಿ ನೋಡಿದ. ರೈಡರ್ ಅಂತೂ ಇನ್ನೂ ಬೆರಗಾದ, ಆದರೆ ಪುಕ್ಕಟೆ ಬಂದ ಪಾಯಿಂಟನ್ನು ಯಾರು ಬೇಡ ಅಂದಾರು? ಕೋಚು ಬೆಂಚಿನಿಂದೆದ್ದು ಹಿಂದಿಯಲ್ಲಿ ಕೂಗಾಡಿದ. ಮಾಂತೇಶ ಮಾತ್ರ ಓಡಿ ಬಂದು ಬೆನ್ನು ತಟ್ಟಿದ. "ಮಾಸ್ತರ ಮರ್ಯಾದಿ ಉಳಿಸಿದಿ ನೋಡು. ನಡಿ ನೀ, ನಾ ಅದೇನಿ" ಎಂದ.

ಹೊರಗೆ ಹೋಗಿ ಬೆಂಚಿನ ಮೇಲೆ ಕೂತಾಗ ಕೊಟ್ರಪ್ಪನಿಗೆ ಮೊದಲು ಅನ್ನಿಸಿದ್ದು ನಿರಾಳ. ಅದನ್ನೇ ಅವನು ಇಂದಿಗೂ ಸಹಿಸಲಾರ. ಅಬ್ಬಾ, ಇನ್ನು ಆ ಕಾಲು ನನ್ನ ಕಡೆ ಬರುವುದಿಲ್ಲ ಎಂದು ಅವನ ಜೀವ ತಣ್ಣಗಾಯಿತು. ಮಾಂತೇಶ ಒಬ್ಬನೇ ರೈಡಿಗೆ ಹೋಗಿ ಅರ್ಧ ನಿಮಿಷ ಕಳೆದು ಬಂದ. ಮತ್ತೆ ಆ ರೈಡರ್ ಬಂದ. ಮಾಂತೇಶ ಹಿಮ್ಮಡಿಗೆ ಬಿದ್ದ, ಹಿಡಿದದ್ದೂ ಹೌದು. ಸೊಂಟಕ್ಕೆ ಬೀಳಬೇಕಾದವನು ಬೆಂಚಿನ ಮೇಲೆ ಕೂತಿದ್ದ. ಆರೂವರೆ ಅಡಿಯ ಆಳು ಪೂರ್ತಿ ಅವನ ಮೊಣಕಾಲಿನ ಮೇಲೆ ಬಿದ್ದ. ಲಟಕ್ ಎಂದ ಸದ್ದು ಬೆಂಚಿನತನಕ ಬಂತು. ರೈಡರ್ ತೆವಳಿ ನಡುಗೆರೆ ಮುಟ್ಟಿದ, ಕೊನೆಯವನೂ ಔಟಾದದ್ದಕ್ಕೆ ಹೆಚ್ಚಿನ ಎರಡು ಪಾಯಿಂಟೂ ಸೇರಿ ತಂಡ ಎರಡು ಪಾಯಿಂಟಿನಿಂದ ಸೋತಿತು.

ಕೋಚು ಆಮೇಲೆ ಕೊಟ್ರಪ್ಪನನ್ನು ಅಂಕಣಕ್ಕಿಳಿಸಲಿಲ್ಲ, ಲೀಗಿನವರು ಮುಂದಿನ ವರ್ಷ ಇಬ್ಬರನ್ನೂ ಕರೆಯಲಿಲ್ಲ. ಆದರೆ ಕೈ ಎತ್ತಿದ ಆ ತುಣುಕು ಮೊಬೈಲಿನಿಂದ ಮೊಬೈಲಿಗೆ ಹರಿದು ಹಾವೇರಿ ಜಿಲ್ಲೆಯನ್ನೇ ಸುತ್ತಿತು. ಅದರಲ್ಲಿ ರೈಡರನ ಬೆನ್ನು ಅಡ್ಡ ಬಂದು ಆ ಒಂದು ಗೇಣು ಕಾಣುತ್ತಿರಲಿಲ್ಲ. ಅಂಪೈರಿಗೂ ಕಾಣದ್ದನ್ನು ತಾನೇ ಒಪ್ಪಿಕೊಂಡ ನಮ್ಮ ಹುಡುಗ! ಮಾಂತೇಶ ಹುಬ್ಬಳ್ಳಿಯ ಆಸ್ಪತ್ರೆಯಲ್ಲಿ ಕಾಲು ಮೇಲೆ ಕಟ್ಟಿಸಿಕೊಂಡು ಮಲಗಿದ್ದಾಗ ಕೊಟ್ರಪ್ಪನನ್ನು ತೆರೆದ ಜೀಪಿನಲ್ಲಿ ರಾಣೇಬೆನ್ನೂರಿನ ತುಂಬ ಮೆರೆಸಿದರು. ದಲಾಲಿ ಅಂಗಡಿಯ ಸಾವುಕಾರರು ಮನೆಗೇ ಬಂದು, "ನಮ್ಮ ಕಾಟಾಕ್ಕ ಇಂಥಾ ಕೈ ಬೇಕಾಗೇತಿ" ಎಂದು ಕರೆದೊಯ್ದರು. ದೇವರಗುಡ್ಡದ ಸುರೇಖಾಳ ತಂದೆ, "ಟೀವಿಯೊಳಗ ಖರೇ ಹೇಳಿದಾವ ಮನಿಯೊಳಗ ಸುಳ್ಳು ಹೇಳ್ಯಾನ?" ಎಂದು ಹೆಣ್ಣು ಕೊಟ್ಟರು. ಉಣ್ಣುವ ಅನ್ನ, ಕಟ್ಟಿಕೊಂಡ ಹೆಂಡತಿ, ಕರೆಯುವ ಹೆಸರು, ಎಲ್ಲ ಒಂದು ಗೇಣು ಗಾಳಿಯ ಮೇಲೆ ನಿಂತವು.

ಒಮ್ಮೆ ತಡೆಯಲಾರದೆ ಸುರೇಖಾಳ ಮುಂದೆ ಬಾಯಿ ಬಿಟ್ಟ. "ಅವಾ ನನಗ ಮುಟ್ಟಿದ್ದಿಲ್ಲಾ" ಎಂದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಲೂ ಇಲ್ಲ. "ಇಷ್ಟ ದೊಡ್ಡ ಗುಣ ಒಳ್ಳೇದಲ್ರಿ. ಜನ ಹೊಗಳಿದ್ರ ಹೊಗಳಿಸಿಕೋರಿ, ನಿಮ್ಮ ಗಂಟೇನ ಹೋಗತೈತಿ?" ಎಂದಳು. ಖರೇ ಹೇಳಿದರೂ ಅದು ಅವನ ದೊಡ್ಡತನವಾಗಿ ಲೆಕ್ಕಕ್ಕೆ ಬಂದಾಗ ಅವನು ಹೇಳುವುದನ್ನೇ ಬಿಟ್ಟ.

ಮಾಂತೇಶನ ಕಾಲು ಮತ್ತೆ ಮಡಚಲಿಲ್ಲ. ಅವನು ಹಾವೇರಿಯ ಬಸ್‌ಸ್ಟ್ಯಾಂಡಿನ ಹಿಂದೆ ಮಿಕ್ಸರು, ಫ್ಯಾನು ರಿಪೇರಿಯ ಅಂಗಡಿ ಇಟ್ಟ, ಗುತ್ತಲದ ಶೈಲಾಳನ್ನು ಮದುವೆಯಾದ. ಅಂಗಡಿಯ ಗೋಡೆಗೆ ಆ ದಿನದ ಫೋಟೋ ದೊಡ್ಡದಾಗಿ ಹಾಕಿಸಿದ್ದಾನೆ: ಮುಂದೆ ಕೈ ಎತ್ತಿದ ಕೊಟ್ರಪ್ಪ, ಹಿಂದೆ ಮಸುಕಾಗಿ ತಾನು. ಬಂದ ಗಿರಾಕಿಗೆಲ್ಲ ಅದನ್ನು ತೋರಿಸಿ, "ನಂದು ಕಾಲು ಹೋತು, ಹೋಗಲೇಳ್ರಿ. ಸುಳ್ಳಿಗೆ ಹೋಗಿಲ್ಲ, ಖರೇಕ್ಕ ಹೋಗೇತಿ" ಎನ್ನುತ್ತಾನೆ. ಎಲ್ಲಿ ಸನ್ಮಾನವಾದರೂ ಇಬ್ಬರನ್ನೂ ಕರೆಯುತ್ತಾರೆ. ವೇದಿಕೆ ಹತ್ತುವಾಗ, ಇಳಿಯುವಾಗ ಅವನು ಕೊಟ್ರಪ್ಪನ ಹೆಗಲ ಮೇಲೆ ಕೈಯಿಟ್ಟು ಭಾರ ಬಿಡುತ್ತಾನೆ. ಆ ಕೈ ಬಿದ್ದ ಜಾಗ ಎರಡು ದಿನ ಕೊಟ್ರಪ್ಪನಿಗೆ ಉರಿಯುತ್ತದೆ.

ಈ ವರ್ಷ ರಾಣೇಬೆನ್ನೂರಿನಲ್ಲಿ ಗೂಡುಸಾಬ ಮಾಸ್ತರ ಹೆಸರಲ್ಲಿ ಪಂದ್ಯಾವಳಿ ನಡೆಸಿದರು. ಮಾಸ್ತರಿಗೆ ಎಂಬತ್ತು ತುಂಬಿತ್ತು, ಕಣ್ಣು ಮಂಜಾಗಿತ್ತು. ಅವರ ಮಗ ಅಸ್ಲಮ್ ಫೋನು ಮಾಡಿ, "ಅಪ್ಪಾರು ದಿನಾ ನಿಮ್ಮಿಬ್ಬರದ ಸುದ್ದಿ ತಗೀತಾರ. ತಪ್ಪಿಸಬ್ಯಾಡ್ರಿ" ಎಂದ. ಆ ರವಿವಾರ ಬೆಳಿಗ್ಗೆ ಕೊಟ್ರಪ್ಪ ಬ್ಯಾಡಗಿಯಿಂದ ಬೈಕಿನಲ್ಲಿ ಹಾವೇರಿಗೆ ಹೋಗಿ ಮಾಂತೇಶನನ್ನು ಹತ್ತಿಸಿಕೊಂಡ. ಮಡಚದ ಕಾಲು ರಸ್ತೆಗೆ ಅಡ್ಡ ಚಾಚಿಕೊಂಡಿತ್ತು, ಹಿಂದಿನ ಲಾರಿಗಳು ಹಾರ್ನು ಬಾರಿಸಿದವು. "ನನ್ನ ಕಾಲು ಟೋಲ್‌ಗೇಟ್ ಆಗೇತಲೇ, ರೊಕ್ಕಾ ಕೊಡದ ಯಾರನ್ನೂ ಬಿಡಂಗಿಲ್ಲ" ಎಂದು ಮಾಂತೇಶ ಕಿರುಚಿದ. ಅವನ ಅಂಗಿಗೆ ಇಸ್ತ್ರಿ ಇರಲಿಲ್ಲ, ಮೇಲಿನ ಒಂದು ಗುಂಡಿಯೂ ಇರಲಿಲ್ಲ.

ಮೋಟೆಬೆನ್ನೂರು ಕ್ರಾಸಿನಲ್ಲಿ ಚಹಾಕ್ಕೆ ನಿಂತರು. ಗುಂಡಿ ಹೋದ ಆ ಅಂಗಿ ನೋಡಿಯೇ ಕೊಟ್ರಪ್ಪ ಕೇಳಿದ, "ಶೈಲಾ ಆರಾಮ ಅದಾಳಿಲ್ಲೋ?"

"ಗುತ್ತಲಕ್ಕ ಹೋಗ್ಯಾಳ. ನಾನ ಕಳಿಸೇನಿ."

"ಯಾಕೋ?"

ಮಾಂತೇಶ ಚಹಾ ಊದಿದ. "ಫೋಟೋ ಒರಸಾಕತ್ತಿದ್ಲು. ಒರಸಕೋತ ಒರಸಕೋತ ಅಂದ್ಲು, ಖರೇ ಹೇಳೋರ ಮಾರಿ ಹಿಂಗಿರತೈತೇನ್ರಿ, ಇದು ಅಂಜಿದ ಮಾರಿ, ಅಂತ. ನನ್ನ ಸಿಟ್ಟು ನಿನಗ ಗೊತ್ತೈತಲ್ಲ. ಮಾತು ವಾಪಸ್ ತಗೋ ಅಂದೆ. ಕಂಡದ್ದು ಹೇಳೇನಿ, ತಗೊಳ್ಳಂಗಿಲ್ಲ ಅಂದ್ಲು. ಹಂಗಾರ ನಿಮ್ಮವ್ವನ ಮನಿಗೆ ನಡಿ ಅಂದೆ. ಇಪ್ಪತ್ತು ದಿನ ಆತು. ನಿನಗ ಹಂಗ ಅಂದಾಕಿ ನನ್ನ ಮನಿಯೊಳಗ ಬ್ಯಾಡ."

ಕೊಟ್ರಪ್ಪ ಚಹಾದ ಲೋಟ ಕೆಳಗಿಟ್ಟ. ಥೂ, ನನ್ನ ಬಾಳಿಗೆ ಬೆಂಕಿ ಬೀಳಲಿ ಎಂದುಕೊಂಡ. ಖರೇ ಕಂಡವಳು ಒಬ್ಬಳೇ, ಅವಳನ್ನೇ ಮನೆ ಬಿಡಿಸಿದ್ದಾಯಿತು. ಹೇಳಿದರೆ ಮಾಂತೇಶನ ಮುರಿದ ಕಾಲಿಗೆ ಇದ್ದ ಒಂದೇ ಸಮಾಧಾನ ಹೋಗುತ್ತದೆ. ಹೇಳದಿದ್ದರೆ ಶೈಲಾ ಗುತ್ತಲದಲ್ಲೇ ಉಳಿಯುತ್ತಾಳೆ. ಒಂಬತ್ತು ವರ್ಷ ಈ ಕಾಲನ್ನು ನೋಡಿಯೇ ಅವನು ಸುಮ್ಮನಿದ್ದ. ಇನ್ನು ಇರಲು ಆಗಲಿಲ್ಲ.

"ಶೈಲಾ ಖರೇ ಹೇಳ್ಯಾಳೋ ಮಾಂತೇಶ. ಅವಾ ನನಗ ಮುಟ್ಟಿದ್ದಿಲ್ಲಾ."

ಮಾಂತೇಶ ನಕ್ಕ. ಆಮೇಲೆ ಕೊಟ್ರಪ್ಪನ ಮುಖ ನೋಡಿದ. ಇಷ್ಟು ವರ್ಷ ಗೋಡೆಯ ಮೇಲಿನ ಫೋಟೋದಲ್ಲಿ ನೋಡದ್ದನ್ನು ಈಗ ಕಂಡನೋ ಏನೋ, ನಗು ನಿಂತಿತು.

"ಎಷ್ಟು ದೂರ ಇತ್ತು?"

ಕೊಟ್ರಪ್ಪ ಹೆಬ್ಬೆರಳು ಕಿರುಬೆರಳು ಚಾಚಿ ಗೇಣು ತೋರಿಸಿದ. ಮಾಂತೇಶ ಆ ಗೇಣನ್ನೇ ನೋಡಿದ.

"ಮತ್ಯಾಕ ಎತ್ತಿದಿ?"

"ಅಂಜಿದೆ. ಮತ್ತ ನನ್ನ ಕಡೇನ ಬರ್ತಾನಂತ ಅಂಜಿದೆ."

"ನನ್ನ ಕಡೆ ಬಂದ."

"ಹೂಂ."

ಮಾಂತೇಶ ಬೈಯಲಿಲ್ಲ, ಹೊಡೆಯಲಿಲ್ಲ. ಹೊಡೆಯಲೆಂದು ಕೊಟ್ರಪ್ಪ ಕಾಯುತ್ತ ನಿಂತಿದ್ದ. ಅರ್ಧ ಕುಡಿದ ಚಹಾವನ್ನು ಕಟ್ಟೆಯ ಮೇಲಿಟ್ಟು ಮಾಂತೇಶ ಎದ್ದ. ರಾಣೇಬೆನ್ನೂರಿನ ಬಸ್ಸು ಬರುತ್ತಿತ್ತು, ಕೈ ಮಾಡಿದ. ಎತ್ತರದ ಮೆಟ್ಟಿಲು ಹತ್ತಲು ಕೊಟ್ರಪ್ಪ ಓಡಿ ಹೋಗಿ ಹೆಗಲು ಕೊಟ್ಟ. ಮಾಂತೇಶ ಬಾಗಿಲಿನ ಸರಳು ಹಿಡಿದು, ಸತ್ತ ಕಾಲನ್ನು ಎಳೆದುಕೊಂಡು, ತಾನೇ ಹತ್ತಿದ.

ಪಂದ್ಯದ ಮೈದಾನದಲ್ಲಿ ಜನ ಕಿಕ್ಕಿರಿದಿದ್ದರು. ಕ್ರಾಸಿನಲ್ಲೇ ತುಸು ಹೊತ್ತು ಉಳಿದು ಬಂದ ಕೊಟ್ರಪ್ಪ ತಲುಪುವಷ್ಟರಲ್ಲಿ ಮಾಂತೇಶ ವೇದಿಕೆಯ ಮೇಲೆ ಕೂತಾಗಿತ್ತು. ಮುಂದಿನ ಸಾಲಿನಲ್ಲಿ ಬಿಳಿ ಟೊಪ್ಪಿಗೆಯ ಗೂಡುಸಾಬ ಮಾಸ್ತರು, ಸರಿಯಾಗಿ ಕೇಳಿಸಲೆಂದು ಕಿವಿಗೆ ಅಂಗೈ ಹಿಡಿದು ಕೂತಿದ್ದರು. ಅಸ್ಲಮ್ ಎಂದಿನಂತೆ ಮೈಕನ್ನು ಮಾಂತೇಶನಿಗೆ ಕೊಟ್ಟ. ಯಾವಾಗಲೂ ಆ ಕತೆ ಹೇಳುವವನು ಅವನೇ.

ಹೇಳಿಬಿಡು ಎಂದು ಕೊಟ್ರಪ್ಪ ಒಳಗೊಳಗೇ ಬೇಡಿಕೊಂಡ. ಇಷ್ಟು ಜನರ ಮುಂದೆ ಹೇಳಿಬಿಡು, ಎಲ್ಲರೂ ಉಗಿಯಲಿ, ನನ್ನ ಕೆಲಸ ಹೋಗಲಿ, ಸುರೇಖಾಳ ಅಪ್ಪ ಬಂದು ಮಗಳನ್ನು ಕರೆದುಕೊಂಡು ಹೋಗಲಿ. ಮಾಂತೇಶ ಮೈಕು ಹಿಡಿದು ಸುಮ್ಮನೆ ನಿಂತ. ಜನ ಗುಸುಗುಸು ಮಾಡತೊಡಗಿದರು.

ಮಾಸ್ತರು ಕೆಳಗಿನಿಂದ ದನಿ ಎತ್ತಿದರು. "ಮಾಂತೇಶಾ, ಯಾಕ ಸುಮ್ಮನಾದಿ? ಹೇಳಪಾ. ಇನ್ನೊಂದು ಸಲ ಕೇಳಿ ಹೋಕ್ಕೇನಿ."

ಮಾಂತೇಶ ಹೇಳಿದ. ಮರಳಿನ ಅಂಕಣದಿಂದ ಶುರುಮಾಡಿ, ಹನ್ನೆರಡು ತತ್ತಿಯ ಮಾತಿಗೆ ನಗಿಸಿ, ಆರೂವರೆ ಅಡಿಯ ಆಳಿನವರೆಗೆ ಒಂದೂ ಬಿಡದೆ ಹೇಳಿದ. ಕಾಲು ಬೀಸಿದ ಜಾಗಕ್ಕೆ ಬಂದಾಗ ನಿಂತ. "ಮುಟ್ಟಿದ್ದ" ಎಂದ. "ಅಂಪೈರಗ ಕಾಣಲಿಲ್ಲ. ನಾ ಬಾಜೂಕ ಇದ್ದೆ, ನಾ ಕಣ್ಣಾರೆ ನೋಡೇನಿ. ಮುಟ್ಟಿದ್ದ."

ಒಂಬತ್ತು ವರ್ಷದಲ್ಲಿ ಎಂದೂ ಅವನು ತಾನು ನೋಡಿದೆ ಎಂದು ಹೇಳಿರಲಿಲ್ಲ. ನೋಡದ್ದನ್ನು ನೋಡಿದೆ ಎನ್ನುವ ಜಾತಿಯವನೇ ಅಲ್ಲ ಅವನು. ಮಾಸ್ತರು ಟವೆಲ್ಲಿನಿಂದ ಕಣ್ಣೊರೆಸಿಕೊಂಡರು. ಮೈದಾನ ಚಪ್ಪಾಳೆಯಿಂದ ತುಂಬಿತು.

ಶಾಲು ಹೊದಿಸುವಾಗ ಮಾಂತೇಶ ತುಟಿ ಅಲ್ಲಾಡಿಸದೆ ಹೇಳಿದ, "ನಿನ್ನ ಸಲುವಾಗಿ ಹೇಳಿಲ್ಲ. ಮಾಸ್ತರು ಇರೋತನಕ ಇದು ಹಿಂಗ ಇರಲಿ. ಅವರ ಅಂಕಣದಾಗ ನಾ ಒಂದ ದಿನಾ ಸುಳ್ಳು ಆಡಿದ್ದಿಲ್ಲ, ಇವತ್ತ ಆಡಿದೆ." ಆಮೇಲೆ, "ಗುತ್ತಲದ ಬಸ್ಸು ಎಷ್ಟಕ್ಕೈತಿ?" ಎಂದು ಅಸ್ಲಮನನ್ನು ಕೇಳಿದ.

ಕೊಟ್ರಪ್ಪನಿಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ನಿನ್ನೆಯವರೆಗೆ ಈ ಸುಳ್ಳಿಗೆ ಅವನೊಬ್ಬನೇ ಧಣಿ. ಹೊರೆ ಇಳಿಸುತ್ತೇನೆಂದು ಹೋಗಿ ಅದನ್ನು ಮುರಿದ ಕಾಲಿನವನ ತಲೆಯ ಮೇಲಿಟ್ಟಿದ್ದ.

"ಮಾಂತೇಶ, ತಡಿ, ಹಿಡಕೋ" ಎಂದು ಅವನು ಹೆಗಲು ಬಗ್ಗಿಸುವಷ್ಟರಲ್ಲಿ ಫೋಟೋ ತೆಗೆಯುವವನು ಅಡ್ಡ ಬಂದ. "ಸರ್, ಒಂದ ಫೋಟೋ. ಆ ದಿನ ಎತ್ತಿದಂಗ ಕೈ ಎತ್ತರಿ." ಮಾಸ್ತರನ್ನು ಇಬ್ಬರು ಹಿಡಿದುಕೊಂಡು ಮೇಲೆ ತಂದು ಪಕ್ಕದಲ್ಲಿ ನಿಲ್ಲಿಸಿದ್ದರು. ಅವರು ಕೊಟ್ರಪ್ಪನ ಮೊಣಕೈ ಹುಡುಕಿ ಹಿಡಿದು, "ಮಡಚಬ್ಯಾಡ, ನೆಟ್ಟಗ" ಎಂದರು.

ಕೊಟ್ರಪ್ಪ ಕೈ ಎತ್ತಿದ. ವೇದಿಕೆಯ ಆ ಬದಿಯಲ್ಲಿ ಮಾಂತೇಶ ಬಿದಿರಿನ ಗಳ ಹಿಡಿದು, ಅಡ್ಡ ತಿರುಗಿ, ಒಂದೊಂದೇ ಮೆಟ್ಟಿಲು ಇಳಿಯುತ್ತಿದ್ದ.

"ಕಣ್ಣು ಮುಚ್ಚಿದ್ರಿ ಸರ್, ಇನ್ನೊಂದ ಸಲ" ಎಂದ ಫೋಟೋದವನು. ಕೊಟ್ರಪ್ಪ ಮತ್ತೆ ಎತ್ತಿದ.